ನಾನು ಕಿತ್ತ ಬಲ್ಬು

ಬಸವರಾಜ, ಗೌಡರ ಕಾರಿನ ಎಂಜಿನ್ ಸುಟ್ಟುಹೋದದ್ದು ನಿನ್ನ ತಪ್ಪಿನಿಂದಲ್ಲ. ಸ್ಟೀರಿಂಗ್ ಮುಂದಿನ ಮೀಟರ್ ಬಿಚ್ಚಿ, ಎಂಜಿನ್ ಕೆಟ್ಟರೆ ಹತ್ತುವ ಎಂಜಿನ್ ದೀಪದ ಬಲ್ಬು ಕಿತ್ತು, ಏನೂ ಆಗದವನಂತೆ ಮತ್ತೆ ಸ್ಕ್ರೂ ಬಿಗಿದವನು ನಾನು. ಇಷ್ಟು ವರ್ಷ ನೀನು ಹೊತ್ತು ತಿರುಗಿದ್ದು ನನ್ನ ತಪ್ಪನ್ನು.

ನಿನಗೆ ಗೊತ್ತಿರುವುದನ್ನೂ ಸೇರಿಸಿ ಮೊದಲಿನಿಂದ ಹೇಳುತ್ತೇನೆ. ಇಲ್ಲದಿದ್ದರೆ ಎಲ್ಲೋ ಒಂದು ಕಡೆ ಜಾರಿಕೊಳ್ಳುತ್ತೇನೆ — ನನ್ನ ಬುದ್ಧಿ ನನಗೆ ಗೊತ್ತು.

ಸುಂಕದಕಟ್ಟೆಯಲ್ಲಿ ನನ್ನ ಗ್ಯಾರೇಜಿನ ಶೆಡ್ ಇದ್ದದ್ದು ಚಂದ್ರೇಗೌಡರ ಜಾಗದಲ್ಲಿ. ಅಲ್ಲಿ ವೈರಿಂಗ್ ಕೆಲಸವೆಲ್ಲ ನಿನ್ನದು. ಹೊಲವೆಲ್ಲ ಲೇಔಟ್ ಆದ ಮೇಲೆ ಗೌಡರು ಆಸೆಪಟ್ಟು ಜಪಾನಿನ ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ತಂದರು. ಎರಡೇ ಸೀಟು, ಕೆಂಪು ಬಣ್ಣ, ಬೇಕೆಂದಾಗ ಮೇಲೆದ್ದು ನೋಡುವ ಹೆಡ್‌ಲೈಟು. ಮಾಗಡಿ ರಸ್ತೆಯ ಗುಂಡಿಗಳಲ್ಲಿ ಅದು ಎತ್ತಿನ ಗಾಡಿಗಿಂತ ಜೋರಾಗಿ ಹೋದದ್ದನ್ನು ನಾನಂತೂ ಕಾಣೆ. ಆದರೂ ಅದರಲ್ಲಿ ಕೂತಾಗ ಗೌಡರಿಗೆ ಮದುಮಗನ ಕಳೆ ಬರುತ್ತಿತ್ತು.

ಆ ಕಾರಿನ ಕಾಯಿಲೆ ಓದುವ ಮಿಷನ್ ನಮ್ಮ ಬಳಿ ಇರಲಿಲ್ಲ. ನೀನು ಬಾನೆಟ್ ಎತ್ತಿ, ಒಳಗಿದ್ದ ಪುಟ್ಟ ಡಬ್ಬಿಯ ಎರಡು ತೂತಿಗೆ ತುಂಡು ವೈರು ಸಿಕ್ಕಿಸಿ, ಕೀ ತಿರುಗಿಸಿ, ಎಂಜಿನ್ ದೀಪ ಮಿಣುಕುವುದನ್ನು ಎಣಿಸುತ್ತಿದ್ದೆ. ಎರಡು ಮಿಣುಕು, ಸ್ವಲ್ಪ ಬಿಟ್ಟು ಇನ್ನೆರಡು — ಅಂದರೆ ಎಂಜಿನ್ನಿನ ನೀರು ಎಷ್ಟು ಬಿಸಿಯಾಗಿದೆಯೆಂದು ತಿಳಿಸುವ ಸೆನ್ಸರ್ ಕೆಟ್ಟಿದೆ. ಅದು ಕೈಕೊಟ್ಟರೆ ಎಂಜಿನ್ ತಣಿಸುವ ಫ್ಯಾನ್ ತಿರುಗುವುದಿಲ್ಲ. ಬಿಸಿ ತೋರಿಸುವ ಮುಳ್ಳೋ, ಕಾರು ನಮ್ಮ ಶೆಡ್ಡಿಗೆ ಬಂದ ದಿನದಿಂದಲೇ ಸತ್ತು ಮಲಗಿತ್ತು. ನೀನು ಸವೆದ ವೈರನ್ನು ಬೆಸೆದೆ, ದೀಪ ಆರಿತು. ಹೊಸ ಸೆನ್ಸರ್ ಮುಂಬೈಯಿಂದ ಬರಬೇಕಿತ್ತು. ದಸರೆಗೆಂದು ಊರಿಗೆ ಗದಗಿನ ಬಸ್ಸು ಹಿಡಿಯುವ ಮುಂಚೆ ನೀನು ಗೌಡರಿಗೆ ಹೇಳಿದೆ:

"ಗೌಡ್ರ, ಮುಳ್ಳು ನಂಬಬ್ಯಾಡ್ರಿ. ಲೈಟ್ ಹತ್ತಿದ್ರ ಗಾಡಿ ಅಲ್ಲೇ ನಿಲ್ಸಿಬಿಡ್ರಿ."

ಆಯುಧಪೂಜೆಯ ಹಿಂದಿನ ದಿನ ನಾನು ಕಾರು ತೊಳೆದು ಸ್ಟಾರ್ಟ್ ಮಾಡಿದೆ. ದೀಪ ಮತ್ತೆ ಹತ್ತಿಕೊಂಡಿತು. ನಿನ್ನ ಹಾಗೆಯೇ ವೈರು ಸಿಕ್ಕಿಸಿ ಎಣಿಸಿದೆ. ಅದೇ ಎರಡು, ಮತ್ತೆರಡು. ಇದನ್ನು ಮಾತ್ರ ಬಿಡಿಸಿ ಹೇಳಬೇಕು — ನನಗೆ ಗೊತ್ತಿತ್ತು. ಗೊತ್ತಿಲ್ಲದೆ ಆದದ್ದಲ್ಲ.

ಬಾಳೆಕಂದು, ಬೂದುಗುಂಬಳ, ಹೂವಿನ ಹಾರ ಎಲ್ಲ ಬಂದಾಗಿತ್ತು. ನೆಂಟರ ಮುಂದೆ ನಿಂಬೆಹಣ್ಣಿನ ಮೇಲೆ ಹತ್ತಿಸಿ ಹೊರಡಬೇಕಾದ ಕಾರಿನಲ್ಲಿ ಹಳದಿ ದೀಪ ಉರಿಯುತ್ತಿದ್ದರೆ ಗೌಡರು ಏನೆನ್ನುವರೋ, ಶೆಡ್ ಖಾಲಿ ಮಾಡು ಅಂದುಬಿಟ್ಟರೆ — ಅಂತೆಲ್ಲ ಯೋಚಿಸಿದೆ. ಯೋಚಿಸಿದವನು ಬಲ್ಬು ಕಿತ್ತೆ. ದೀಪ ಆರಿಸಲಾಗದಿದ್ದರೆ ಬಲ್ಬು ತೆಗೆಯುವ ಗ್ಯಾರೇಜುಗಳನ್ನು ನಾವಿಬ್ಬರೂ ಟೀ ಕುಡಿಯುತ್ತ ಎಷ್ಟು ಆಡಿಕೊಂಡು ನಕ್ಕಿದ್ದೆವು! ಪೂಜೆ ಮುಗಿದ ಮೇಲೆ ಮತ್ತೆ ಹಾಕಿದರಾಯಿತು ಅಂದುಕೊಂಡೆ. ಪೂಜೆ ಮುಗಿಯಿತು, ಗೌಡರು ಹೆಂಡತಿಯನ್ನು ಕೂರಿಸಿಕೊಂಡು ತಾವರೆಕೆರೆ ಕಡೆ ಹೊರಟರು. ನಾನು ಪ್ರಸಾದದ ಕಡಲೆಪುರಿ ತಿನ್ನುತ್ತ ನಿಂತು ನೋಡಿದೆ. ಓಡಿಹೋಗಿ ತಡೆಯಬಹುದಿತ್ತು —

ಏರಿನಲ್ಲಿ ಎಂಜಿನ್ ಕಾದು ಬಿಗಿದು ನಿಂತುಬಿಟ್ಟಿತು. ಪುಣ್ಯಕ್ಕೆ ಅವರಿಬ್ಬರಿಗೂ ಏನೂ ಆಗಲಿಲ್ಲ. ಕಾರನ್ನು ಎಳೆದು ತಂದರು.

ನೀನು ಊರಿಂದ ಬಂದ ದಿನ ಅದರ ಸುತ್ತ ಎಲ್ಲರೂ ನಿಂತಿದ್ದೆವು. ಲೈಟ್ ಯಾಕೆ ಬರಲಿಲ್ಲ ಎಂದು ಗೌಡರು ಕೇಳಿದರು. ನೀನು ನನ್ನ ಮುಖ ನೋಡಿದೆ. ನಾನು ಗೌಡರ ಮುಖ ನೋಡಿದೆ.

"ಅದರ ವೈರಿಂಗ್ ಎಲ್ಲಾ ಬಸು ಮಾಡಿದ್ದು, ಗೌಡ್ರೆ."

ಒಂದು ಅಕ್ಷರವೂ ಸುಳ್ಳಲ್ಲ, ನೋಡು. ಆದರೆ ಅದಕ್ಕಿಂತ ದೊಡ್ಡ ಸುಳ್ಳನ್ನು ನಾನು ಈ ಜನ್ಮದಲ್ಲಿ ಹೇಳಿಲ್ಲ. ನೀನು ಬಿಳಿಚಿಕೊಂಡೆ. ಮೀಟರ್ ಬಿಚ್ಚಿ ನೋಡುತ್ತೇನೆಂದು ಸ್ಕ್ರೂಡ್ರೈವರ್ ಎತ್ತಿಕೊಂಡೆ. ಬಿಚ್ಚಿದ್ದರೆ ಬಲ್ಬಿಲ್ಲದ ಹೋಲ್ಡರ್ ಎಲ್ಲರಿಗೂ ಕಾಣುತ್ತಿತ್ತು. ನಾನು ನಿನ್ನ ಕೈ ಹಿಡಿದುಕೊಂಡೆ. "ಬಿಡು ಬಸು, ಆಗಿದ್ದಾಯ್ತು," ಅಂದೆ. ಶಂಕರಣ್ಣನದು ಎಂಥ ದೊಡ್ಡ ಮನಸ್ಸು ಅಂತ ಅಲ್ಲಿದ್ದವರೆಲ್ಲ ಹೊಗಳಿದರು. ನಾನು ಹೊಗಳಿಸಿಕೊಂಡೆ. ಈಗ ನೆನೆದರೆ ಮೈ ಉರಿಯುತ್ತದೆ.

"ನಂದ ತಪ್ಪು ಇರಬೇಕಣ್ಣ," ಅಂದು ನೀನು ಹೊರಟುಹೋದೆ.

ಕೆಂಗೇರಿಯಲ್ಲಿ ಮನೆಗಳಿಗೆ ಫ್ಯಾನು, ಟ್ಯೂಬ್‌ಲೈಟು ಹಾಕಿಕೊಂಡಿದ್ದೀಯೆಂದು ಸ್ಪೇರ್ ಪಾರ್ಟ್ಸ್ ಅಂಗಡಿಯವರು ಹೇಳುತ್ತಿದ್ದರು. ಅದು ತಪ್ಪು ಕೆಲಸವೇನಲ್ಲ. ಆದರೆ ಯಾರಾದರೂ ಕಾರಿನ ವೈರಿಂಗ್ ತೋರಿಸಿದರೆ, ನನಗೆ ಬರುವುದಿಲ್ಲ ಅನ್ನುತ್ತೀಯಂತೆ. ನಿನಗೆ ಬರುವುದಿಲ್ಲವೆ! ನಾನು ಕಿತ್ತದ್ದು ಬರೀ ಬಲ್ಬನ್ನಲ್ಲ. ನಿನ್ನ ಕೈಯ ಮೇಲೆ ನಿನಗಿದ್ದ ನಂಬಿಕೆಯನ್ನು ಕಿತ್ತೆ. ಅದನ್ನು ತಿಳಿದೂ ಸುಮ್ಮನಿದ್ದೆ. ಒಂದೆರಡು ದಿನವಲ್ಲ — ಮಾಗಡಿ ರಸ್ತೆಗೆ ಮೆಟ್ರೊ ಕಂಬಗಳು ಬರುವವರೆಗೆ.

ನಿನ್ನೆ ಗೌಡರ ಮನೆಗೆ ಹೋಗಿ ಎಲ್ಲ ಹೇಳಿಬಿಟ್ಟೆ. ಬಯ್ಯುತ್ತಾರೆಂದುಕೊಂಡಿದ್ದೆ. ಅವರು, "ನಂಗ್ಯಾಕೆ ಹೇಳ್ತೀಯೋ ಶಂಕ್ರ, ಹೋಗಿ ಅವ್ನಿಗೆ ಹೇಳು," ಅಂದರು.

ಅವರ ಹಿತ್ತಲಿನಲ್ಲಿ ಕಾರು ಟಾರ್ಪಾಲಿನಡಿ ಹಾಗೇ ಇದೆ. ಅಂದಿನಿಂದ ಅದರ ಮೀಟರನ್ನು ಯಾರೂ ಬಿಚ್ಚಿಲ್ಲ. ಭಾನುವಾರ ಬೆಳಿಗ್ಗೆ ಕೆಂಗೇರಿಗೆ ಬರುತ್ತೇನೆ. ಇಲ್ಲಿ ಬರೆದದ್ದನ್ನೇ ನಿನ್ನೆದುರು ಬಾಯಿಬಿಟ್ಟು ಹೇಳುತ್ತೇನೆ. ನೀನು ಬಾಗಿಲು ಹಾಕಿಕೊಂಡರೆ ಹೊರಗೆ ನಿಂತು ಹೇಳುತ್ತೇನೆ. ಆಮೇಲೆ ಅವತ್ತು ಶೆಡ್ಡಿನಲ್ಲಿ ನಿಂತಿದ್ದವರನ್ನೆಲ್ಲ ಗೌಡರ ಹಿತ್ತಲಿಗೆ ಕರೆಸುತ್ತೇನೆ. ನೀನು ಬರಲೊಲ್ಲೆ ಅಂದರೆ ನಾನೇ ಬಿಚ್ಚಿ ತೋರಿಸುತ್ತೇನೆ. ಬಂದರೆ ಸ್ಕ್ರೂಡ್ರೈವರ್ ನಿನ್ನ ಕೈಗೆ ಕೊಡುತ್ತೇನೆ. ಈ ಸಲ ತಡೆಯುವುದಿಲ್ಲ.