ಬಾಸಿಂಗಕ್ಕೆ ತಕ್ಕ ಪೆಟ್ಟಿಗೆ

ಮೂವತ್ತೊಂದು ವರ್ಷ ಗೊಬ್ಬರದ ಗೋದಾಮು ಕಾದವನಿಗೆ ಸಾಮಾನು ಕಟ್ಟಿ ಕಳಿಸುವ ವಿದ್ಯೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯವಾಗಿತ್ತು. ಆ ಅಭಿಪ್ರಾಯದ ಬಲದಿಂದಲೇ ನಾನು ಅಕ್ಕನ ಮೊದಲ ಪಾರ್ಸೆಲನ್ನು ಹಾಳುಮಾಡಿದ್ದು.

ಅಕ್ಕ ಸೊರಬದಲ್ಲಿ ಬಾಸಿಂಗ ಮಾಡುತ್ತಾಳೆ. ಮದುವೆಯಲ್ಲಿ ಗಂಡು ಹೆಣ್ಣಿನ ಹಣೆಗೆ ಕಟ್ಟುವ ಬಾಸಿಂಗ. ಕೆರೆಯಲ್ಲಿ ಬೆಳೆಯುವ ಬೆಂಡಿನ ಗಿಡವನ್ನು ಒಣಗಿಸಿ, ಸಿಪ್ಪೆ ತೆಗೆದು, ಒಳಗಿನ ಬಿಳಿಯದನ್ನು ತೆಳ್ಳಗೆ ಹೆರೆದು, ಅದರಲ್ಲಿ ಮೊಗ್ಗು, ಎಲೆ, ಗಿಳಿ ಕತ್ತರಿಸಿ ಅಂಟಿಸುವ ಕೆಲಸ. ಭಾವನ ಮನೆತನದ ಕಸುಬು ಅದು. ಭಾವ ಹೋದ ಮೇಲೆ ಅವಳದ್ದಾಯಿತು. ಮುಗಿದ ಬಾಸಿಂಗ ಹಪ್ಪಳದಷ್ಟೂ ತೂಗುವುದಿಲ್ಲ. ಆದರೆ ಬೆಂಡಿಗೆ ಕ್ಷಮಾಗುಣ ಕಡಿಮೆ. ಬೆರಳಿನಿಂದ ಒಮ್ಮೆ ಒತ್ತಿದರೆ ಗುಳಿ ಬೀಳುತ್ತದೆ, ಆ ಗುಳಿ ಮತ್ತೆ ಮೇಲೇಳುವುದಿಲ್ಲ.

ಮೊದಲೆಲ್ಲ ಮದುವೆಮನೆಯವರೇ ಬಂದು ಒಯ್ಯುತ್ತಿದ್ದರು. ಮೊರದಲ್ಲಿ ಅಕ್ಕಿ ಹರಡಿ, ಅದರ ಮೇಲೆ ಬಾಸಿಂಗವಿಟ್ಟು, ಬಟ್ಟೆ ಮುಚ್ಚಿ, ಬಸ್ಸಿನಲ್ಲಿ ಯಾರಾದರೊಬ್ಬರು ತೊಡೆಯ ಮೇಲಿಟ್ಟುಕೊಂಡು ಕೂರಬೇಕು. ಊರು ಮುಟ್ಟುವ ತನಕ ಕೆಳಗಿಡುವಂತಿಲ್ಲ. ಈಗ ಫೋನಿನಲ್ಲೇ ಹೇಳುತ್ತಾರೆ. ಹಾಗೆ ಹೇಳಿದವರಲ್ಲಿ ಮೊದಲಿಗರು ಪುಣೆಯಲ್ಲಿ ನೆಲೆಸಿದ ಸೊರಬದ ಕಡೆಯ ಒಬ್ಬ ಹೆಂಗಸು. ಮಗನ ಮದುವೆಗೆ ಒಂದು ಜೊತೆ ಬೇಕೆಂದರು.

ಕಳಿಸುವ ಹೊಣೆಯನ್ನು ನಾನು ವಹಿಸಿಕೊಂಡೆ. ಫ್ಯಾನು ಬಂದಿದ್ದ ದೊಡ್ಡ ರಟ್ಟಿನ ಪೆಟ್ಟಿಗೆ ಹುಡುಕಿದೆ. ಬಾಸಿಂಗಗಳನ್ನು ನಡುವೆ ಮಲಗಿಸಿ, ಒಂದು ತಿಂಗಳ ಪತ್ರಿಕೆಗಳನ್ನು ಉಂಡೆಮಾಡಿ ಸುತ್ತ ತುರುಕಿದೆ. ಮುಚ್ಚಳ ಕೂರಲಿಲ್ಲ. ಮೊಣಕಾಲಿನಿಂದ ಒತ್ತಿ ಕೂರಿಸಿದೆ. ಗೊಬ್ಬರದ ಚೀಲವಾಗಿದ್ದರೆ ಅದು ಕಾಶಿಗೆ ಹೋಗಿ ಕ್ಷೇಮವಾಗಿ ವಾಪಸು ಬರುತ್ತಿತ್ತು.

ವಾಪಸಂತೂ ಬಂತು. ಪುಣೆಯ ಹೆಂಗಸು ಬೈದಿದ್ದರೆ ಚೆನ್ನಾಗಿತ್ತು. ಅವರು ಫೋನು ಮಾಡಿ, “ಬೇಜಾರು ಮಾಡ್ಕೋಬೇಡಿ ಅಮ್ಮಾ. ಇಲ್ಲೇ ಪ್ಲಾಸ್ಟಿಕ್‌ದು ಸಿಗತ್ತೆ. ಇದನ್ನ ಕಸಕ್ಕೆ ಹಾಕೋಕೆ ಮನಸ್ಸು ಬರ್ಲಿಲ್ಲ, ನಿಮಗೇ ಕಳಿಸಿದೀನಿ” ಎಂದರು. ಪೆಟ್ಟಿಗೆ ಬಿಚ್ಚಿದಾಗ ಗಿಳಿಗಳೆಲ್ಲ ಚಪಾತಿಯಾಗಿದ್ದವು. ಹೊರಗಿನ ಪೆಟ್ಟಿಗೆಗೆ ಒಂದು ಗೀರೂ ಇರಲಿಲ್ಲ. ಅಂದರೆ ಜಜ್ಜಿದ್ದು ಲಾರಿಯಲ್ಲ, ನಾನೇ.

ಅಕ್ಕ ನನಗೆ ಕಾಫಿ ಕೊಟ್ಟು, ಎದುರು ಕೂತು ಹೇಳಿದಳು: “ಮದ್ವೆಗೆ ಇನ್ನೂ ಹದಿನೈದು ದಿನ ಇದೆ. ಇನ್ನೊಂದು ಜೊತೆ ಕಳಸ್ತೀನಿ ಅಂದಿದೀನಿ. ಅದೂ ಹಿಂಗೇ ಆದ್ರೆ ಸಾಕು ಮಾರಾಯ, ನಿಲ್ಸಿಬಿಡ್ತೀನಿ. ಬಾಗ್ಲಿಗೆ ಬಂದು ಒಯ್ಯೋರು ಈಗ ಯಾರಿದಾರೆ ಹೇಳು?”

ಅವಳು ಬೆಂಡು ಹೆರೆಯುವುದನ್ನು ನಿಲ್ಲಿಸಿದರೆ ದಿನವಿಡೀ ಏನು ಮಾಡುತ್ತಾಳೆ ಎಂದು ಯೋಚಿಸಿದೆ. ನನಗೆ ಹೊಳೆಯಲಿಲ್ಲ. ಬಹುಶಃ ಅವಳಿಗೂ ಹೊಳೆದಿರಲಿಲ್ಲ.

ನಾನಿರುವುದು ಶಿಕಾರಿಪುರದಲ್ಲಿ, ಒಬ್ಬನೇ. ನನ್ನ ಮದುವೆಯ ಕಡತ ಬಹುಕಾಲ ಪರಿಶೀಲನೆಯಲ್ಲಿದ್ದು, ವಯಸ್ಸು ಅರವತ್ತೆಂಟಾದಾಗ ತಾನಾಗಿಯೇ ಮುಕ್ತಾಯವಾಗಿತ್ತು. ಪೇಟೆಯಲ್ಲಿ ನನಗೆ ಗೊತ್ತಿರುವ ಒಬ್ಬ ಸಾಹೇಬರು ರಟ್ಟಿನ ಪೆಟ್ಟಿಗೆಗಳ ಅಂಗಡಿ ಇಟ್ಟಿದ್ದಾರೆ. ಹಳೆಯವನ್ನು ಮಾರುತ್ತಾರೆ, ಹೊಸವನ್ನು ಅಳತೆಗೆ ಕತ್ತರಿಸಿ ಮಾಡಿಕೊಡುತ್ತಾರೆ. ಅಕ್ಕನನ್ನು ಅಲ್ಲಿಗೇ ಕರೆಸಿದೆ. ಅವಳು ಹೊಸ ಜೊತೆಯನ್ನು ತೊಡೆಯ ಮೇಲಿಟ್ಟುಕೊಂಡು ಶಿರಾಳಕೊಪ್ಪದ ಮೇಲೆ ಬಸ್ಸಿನಲ್ಲಿ ಬಂದಳು. ಜಜ್ಜಿದ್ದನ್ನು ಚೀಲದಲ್ಲಿ ತಂದಿದ್ದಳು, ತಪ್ಪು ಸಾಬೀತುಪಡಿಸಲು ಇರಬೇಕು.

ಸಾಹೇಬರು ಒಂದು ಗಟ್ಟಿ ಪೆಟ್ಟಿಗೆ ಇಳಿಸಿದರು. “ಇದು ನೋಡ್ರಿ ಅಕ್ಕೋರೆ, ಮೇಲೆ ಆನೆ ನಿಂತ್ರೂ ತಡೀತೈತಿ.”

“ಇದ್ರಲ್ಲಿ ಎಂತ ಬಂದಿತ್ತು?”

“ಚಪ್ಲಿ.”

ಅಕ್ಕ ಪೆಟ್ಟಿಗೆಯನ್ನು ಬೆರಳ ತುದಿಯಿಂದ ದೂರ ಸರಿಸಿದಳು. ಹಣೆಗೆ ಕಟ್ಟುವುದನ್ನು ಚಪ್ಪಲಿಯ ಪೆಟ್ಟಿಗೆಯಲ್ಲಿ! ಸಾಹೇಬರು ತಾವೇ ನಾಲಿಗೆ ಕಚ್ಚಿಕೊಂಡು ಅದನ್ನು ಮೇಲಕ್ಕೆಸೆದರು. ಮುಂದಿನದು ಇನ್ನೂ ಗಟ್ಟಿ, ಒಳಗೆ ಹನ್ನೆರಡು ಖಾನೆ. ಅದರಲ್ಲಿ ಏನು ಬಂದಿತ್ತೆಂದು ಯಾರೂ ಕೇಳಬೇಕಾಗಲಿಲ್ಲ, ಬ್ರಾಂದಿಯ ವಾಸನೆಯೇ ಹೇಳಿತು. ಮೂರನೆಯದು ಫಿನಾಯಿಲು. ನಾಲ್ಕನೆಯದು ಬಿಸ್ಕತ್ತಿನದು, ಕುಲಗೋತ್ರದಲ್ಲಿ ದೋಷವಿರಲಿಲ್ಲ. ಸಾಹೇಬರು ಅದರ ಅಂಚನ್ನು ಹೆಬ್ಬೆರಳಿನಿಂದ ಒತ್ತಿದರು. ಮೆತ್ತಗಾಗಿ ಒಳಗೆ ಹೋಯಿತು. “ಒಮ್ಮೆ ಥಂಡಿ ಕುಡ್ದ ರಟ್ಟು ಮತ್ತೆ ನಿಲ್ಲಲ್ರಿ.”

“ಹಂಗಾದ್ರೆ ಹೊಸದೇ ಮಾಡಿ” ಎಂದಳು ಅಕ್ಕ.

ಸಾಹೇಬರು ಹೊಸ ಹಾಳೆ ತೆಗೆದು ಬೆಳಕಿಗೆ ಹಿಡಿದರು. ಎರಡು ಕಾಗದದ ನಡುವೆ ಅಲೆಅಲೆಯಾಗಿ ಮಡಿಸಿದ ಕಾಗದ. ಅದು ಒಂದು ಸಾಲು ಇದ್ದರೆ ಮೂರು ಪ್ಲೈ, ಎರಡು ಸಾಲು ಇದ್ದರೆ ಐದು ಪ್ಲೈ. ಅಲೆಗಳು ಕಂಬದಂತೆ ನೆಟ್ಟಗೆ ನಿಲ್ಲುವ ಹಾಗೆ ಕತ್ತರಿಸಿದರೆ ಪೆಟ್ಟಿಗೆ ಭಾರ ಹೊರುತ್ತದೆ, ಅಡ್ಡ ಮಲಗಿಸಿದರೆ ಕುಸಿಯುತ್ತದೆ. ಗೋದಾಮಿನಲ್ಲಿ ಮೂವತ್ತೊಂದು ವರ್ಷ ಇದ್ದೂ ನನಗೆ ಇದು ತಿಳಿದಿರಲಿಲ್ಲ. ತಿಳಿದಿದ್ದವನಂತೆ ತಲೆಯಾಡಿಸಿದೆ.

“ಹೊರಗಿಂದು ಐದು ಪ್ಲೈ ಹಾಕ್ತೀನ್ರಿ. ಒಳಗೆ ಏನು ತುಂಬೋಣ?”

“ಕಾಗದ” ಎಂದೆ.

ಇಬ್ಬರೂ ನನ್ನನ್ನು ನೋಡಿದರು. ನಾನು ಆ ವಿಷಯದಿಂದ ನಿವೃತ್ತನಾದೆ.

ಅಕ್ಕ ಮಡಿಲಲ್ಲಿದ್ದ ಹೊಸ ಜೊತೆಯನ್ನು ನೋಡುತ್ತ ಕೇಳಿದಳು: “ಬಸ್ಸಲ್ಲಿ ಬರೋವಾಗ ಇದು ನನ್ನ ತೊಡೆ ಮೇಲಿತ್ತು ಸಾಹೇಬ್ರೇ. ಲಾರೀಲಿ ಯಾರ ತೊಡೆ?”

ಸಾಹೇಬರು ಅದನ್ನು ತಮಾಷೆ ಎಂದುಕೊಳ್ಳಲಿಲ್ಲ. ಸ್ವಲ್ಪ ಹೊತ್ತು ಗಡ್ಡ ನೀವಿಕೊಂಡರು. “ಮದ್ವೀಲಿ ಇದು ಹೆಂಗ್ ನಿಲ್ತೈತ್ರಿ? ಎರಡು ದಾರದ ಮೇಲೆ. ಯಾವ್ ಕಡೆಯಿಂದ್ಲೂ ಯಾರೂ ಒತ್ತಂಗಿಲ್ಲ. ಹಂಗಾರೆ ಪೆಟ್ಟಿಗೆಯೊಳಗೆ ತೊಡೆ ಬ್ಯಾಡ, ತಲೆ ಇಡೋಣ. ರಟ್ಟಿಂದು. ಅದಕ್ಕೆ ಕಟ್ಟಿಬಿಡ್ರಿ.”

ತಲೆ ಎಷ್ಟು ದಪ್ಪವಿರಬೇಕು ಎಂಬ ಪ್ರಶ್ನೆ ಬಂತು. ಅಂಗಡಿಯಲ್ಲಿ ಲಭ್ಯವಿದ್ದ ಬಿಡುವಿನ ತಲೆ ನನ್ನದೊಂದೇ.

“ಹೊಸದು ಮುಟ್ಬೇಡಿ, ಅದು ಬೇರೆಯವ್ರ ಮುಹೂರ್ತದ್ದು” ಎಂದು ಅಕ್ಕ ಚೀಲದಿಂದ ಜಜ್ಜಿದ್ದನ್ನು ತೆಗೆದಳು. ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ ಹಣೆಗೆ ಹಿಡಿದು, ಹಿಂದೆ ಹೋಗಿ ದಾರ ಕಟ್ಟಿದಳು. “ಅಲ್ಲಾಡ್ಬೇಡ.”

ಸಾಹೇಬರು ಟೇಪು ಹಿಡಿದು ಬಗ್ಗಿದರು. “ಮುಹೂರ್ತ ಎಷ್ಟೊತ್ತಿಗ್ರಿ? ನಮಗೆ ಕರೆಯೋಲೆ ಬರ್ಲಿಲ್ಲ!” ಎದುರಿನ ಸೈಕಲ್ ಅಂಗಡಿಯವನು ಕೆಲಸ ಬಿಟ್ಟು ನಿಂತ. ನಾನು ಸಂದರ್ಭಕ್ಕೆ ತಕ್ಕ ಗಾಂಭೀರ್ಯದಿಂದ ಎದುರಿನ ಗೋಡೆ ನೋಡುತ್ತಿದ್ದೆ.

ಅಳತೆ ಮುಗಿಯಿತು. ಅಕ್ಕ ಮುಂದೆ ಬಂದು ನೋಡಿದಳು. ಸಾವಿರಾರು ಬಾಸಿಂಗ ಮಾಡಿದ್ದಾಳೆ, ಆದರೆ ಮಾಡಿದವರು ಕಟ್ಟುವುದಿಲ್ಲ, ಕಟ್ಟುವವರು ಬೇರೆ. ಓರೆಯಾಗಿದ್ದ ಒಂದು ಗಿಳಿಯನ್ನು ನೆಟ್ಟಗೆ ಮಾಡಿದಳು. ಗಂಟು ಬಿಚ್ಚಲು ಹಿಂದೆ ಹೋದವಳು ಬೇಕಾದ್ದಕ್ಕಿಂತ ತುಸು ಹೆಚ್ಚೇ ಹೊತ್ತು ನಿಂತಳು. ಅವಳ ಅಂಗೈ ನನ್ನ ಬೋಳುತಲೆಯ ಮೇಲಿತ್ತು. ಸಾಹೇಬರು ಕೈಯಲ್ಲಿ ಟೇಪು ಹಿಡಿದುಕೊಂಡೇ ಟೇಪು ಹುಡುಕತೊಡಗಿದರು.

ಸಾಹೇಬರು ರಟ್ಟನ್ನು ಬಗ್ಗಿಸಿ ಎರಡು ತಲೆ ಮಾಡಿದರು. ಅವನ್ನು ಐದು ಪ್ಲೈಯ ಹೊಸ ಪೆಟ್ಟಿಗೆಯ ತಳಕ್ಕೆ ಎದುರುಬದುರು ಅಂಟಿಸಿದ ಮೇಲೆ ಅಕ್ಕ ಹೊಸ ಬಾಸಿಂಗ ಕಟ್ಟಿದಳು. ಸುತ್ತ ನಾಲ್ಕು ಬೆರಳು ಜಾಗ, ಮೇಲೂ ಅಷ್ಟೇ. ಎಲ್ಲೂ ಏನೂ ಮುಟ್ಟುತ್ತಿರಲಿಲ್ಲ. ಮುಚ್ಚುವಾಗ ಅಕ್ಕ ತಡೆದಳು.

“ಮುಹೂರ್ತಕ್ಕೆ ಮುಂಚೆ ಗಂಡು ಹೆಣ್ಣು ಮುಖ ನೋಡೋ ಹಾಗಿಲ್ಲ. ನಡುವೆ ಅಂತರಪಟ ಬೇಕು.”

ಸಾಹೇಬರು ಒಂದು ಹಾಳೆ ಕತ್ತರಿಸಿ ನಡುವೆ ನಿಲ್ಲಿಸಿದರು. ಆಮೇಲೆ ಮುಚ್ಚಳದ ಮೇಲೆ ಅಂಗೈ ಊರಿ ಭಾರ ಬಿಟ್ಟರು. ಪೆಟ್ಟಿಗೆ ಅಲ್ಲಾಡಲಿಲ್ಲ. “ಹಾಳೆ ಕಂಬ ಆತು ನೋಡ್ರಿ. ಇದು ನನಗೆ ಹೊಳೀಲೇ ಇಲ್ಲ” ಎಂದರು.

ಕೊರಿಯರ್ ಕಚೇರಿಯವನು ಪೆಟ್ಟಿಗೆ ಎತ್ತಿ, “ಒಳಗೇನೂ ಇಲ್ವಲ್ರೀ ಅಜ್ಜಿ?” ಎಂದ.

“ಇದೆ” ಎಂದಳು ಅಕ್ಕ.

ಆಮೇಲಿನ ಐದು ದಿನ ನಾನು ಸೊರಬದಲ್ಲೇ ಉಳಿದೆ. ಅಕ್ಕ ಅಡಿಗೆ ಮಾಡಿದಳು, ಬಟ್ಟೆ ಒಗೆದಳು. ಬೆಂಡನ್ನು ಮಾತ್ರ ಮುಟ್ಟಲಿಲ್ಲ.

ಆರನೆಯ ದಿನ ಮಧ್ಯಾಹ್ನ ಪುಣೆಯಿಂದ ಫೋನು ಬಂತು. ಅಕ್ಕ ಸ್ಪೀಕರು ಹಾಕಿ, ಫೋನನ್ನು ನೆಲದ ಮೇಲಿಟ್ಟು ದೂರ ಕೂತಳು.

“ಅಮ್ಮಾ, ಪೆಟ್ಟಿಗೆ ಬಂತು. ಒಂದು ಮೂಲೆ ಪೂರ್ತಿ ಜಜ್ಜಿ ಹೋಗಿದೆ.”

ಅಕ್ಕ ಕಣ್ಣು ಮುಚ್ಚಿದಳು.

“ಒಳಗೆ ಒಂದು ಎಲೇನೂ ಅಲ್ಲಾಡಿಲ್ಲ ನೋಡಿ! ಆದ್ರೆ ನಡುವಿನ ರಟ್ಟು ತೆಗೆಯೋಕೆ ನಮ್ಮತ್ತೆ ಬಿಡ್ತಾ ಇಲ್ಲ. ಕಳಿಸಿದೋರಿಗೆ ಶಾಸ್ತ್ರ ಗೊತ್ತಿದೆ, ಮುಹೂರ್ತದ ತನಕ ಹಾಗೇ ಇರ್ಲಿ ಅಂತ ಕೂತಿದಾರೆ.”

ಫೋನು ಇಟ್ಟ ಮೇಲೆ ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. ಸೆಕೆ ಇತ್ತು. ಆಮೇಲೆ ನನ್ನ ಕಡೆ ತಿರುಗಿದಳು.

“ಉಳವಿ ಕಡೆ ಕೆರೇಲಿ ಬೆಂಡು ಚಲೋ ಬಂದಿದೆಯಂತೆ. ನಾಳೆ ಬೆಳಿಗ್ಗೆ ಬಸ್ಸಿಗೆ ಹೋಗಿ ತಗಂಡು ಬಾ.”

“ಎಷ್ಟು ತರ್ಲಿ?”

“ಸಿಕ್ಕಷ್ಟೂ ತಾ. ಕಟ್ಟೋ ಕೆಲ್ಸ ಮಾತ್ರ ನೀ ಮಾಡ್ಬೇಡ ಮಾರಾಯ. ಅಲ್ಲಿಯವ್ರೇ ಕಟ್ಟಿ ಕೊಡ್ಲಿ.”