ಚುಕ್ಕಿಗಳ ನಡುವಿನ ಅಂಕಿ

ಅಪ್ಪ ಇರುವಷ್ಟು ದಿನ ಇದನ್ನು ಬರೆಯುವಂತಿರಲಿಲ್ಲ. ಈಗ ಅವನಿಲ್ಲ.

ಮೊಳಕಾಲ್ಮೂರಿನ ನಮ್ಮ ಮನೆಯಲ್ಲಿ ಅಪ್ಪ ಮೂವತ್ತು ವರ್ಷ ರೇಷ್ಮೆ ಸೀರೆ ನೇಯ್ದ. ಅವ್ವ ರಾಟೆಯಲ್ಲಿ ಕಂಡಿಕೆ ಸುತ್ತಿಕೊಡುತ್ತಿದ್ದಳು. ಲಾಳಿಯೊಳಗೆ ಕೂರಿಸುವ, ನೂಲು ಸುತ್ತಿದ ಸಣ್ಣ ಕೊಳವೆಗೆ ಕಂಡಿಕೆ ಅನ್ನುತ್ತೇವೆ. ಆ ಮಗ್ಗದ ದುಡಿಮೆಯಲ್ಲೇ ನಾನು ಡಿಗ್ರಿ ಮುಗಿಸಿದೆ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಚಳ್ಳಕೆರೆಗೆ ಬಸ್ಸಿನಲ್ಲಿ ನಿಂತು ಹೋಗಿ, ನಿಂತೇ ಬಂದು ಓದಿದವಳು. ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಅವ್ವ ತೀರಿಕೊಂಡ ಮೇಲೆ ಅಪ್ಪ ನೇಯ್ದದ್ದು ಒಂದೇ ಸೀರೆ. ಹಸಿರು ಒಡಲಿಗೆ ಉದ್ದಕ್ಕೂ ಕೆಂಪು ಅಂಚು ಬರಬೇಕಿತ್ತು. ಅಂಚು ಒಂದು ಗೇಣು ಕೆಂಪು, ಇನ್ನೊಂದು ಗೇಣು ಹಸಿರಾಗಿ ಬಂತು. ನೂಲು ಕೊಡುವ ಸಾಹುಕಾರರು ಅದನ್ನು ನಮ್ಮ ಜಗಲಿಯ ಮೇಲೆ ಹರಡಿ, ಕುಡಿದು ಮಗ್ಗಕ್ಕೆ ಕೂತಿದ್ದೆಯೇನೋ ಎಂದು ಓಣಿಗೆಲ್ಲ ಕೇಳುವಂತೆ ಕೇಳಿದರು. ಅಪ್ಪ ತಲೆ ತಗ್ಗಿಸಿ ಹೂಂ ಅಂದ. ಅವನು ಕುಡಿದದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ. ಆದರೂ ನಂಬಿದೆ. ಅವ್ವ ಹೋಗಿ ಮೂರು ತಿಂಗಳಾಗಿಲ್ಲ, ಇಷ್ಟು ಬೇಗ ಹಾಳಾದೆಯಾ ಎಂದು ಆಡಬಾರದ್ದನ್ನೆಲ್ಲ ಆಡಿದೆ. ಅಪ್ಪ ಮಗ್ಗ ಬಿಚ್ಚಿ ಅಟ್ಟಕ್ಕೆ ಹಾಕಿದ. ಎರಡು ವರ್ಷ ಅವನು ಓಣಿಯಲ್ಲಿ ಯಾರ ಮುಖವನ್ನೂ ನೋಡದೆ ಗೋಡೆ ಪಕ್ಕ ನಡೆದಾಡಿದ.

ಪರಶುರಾಂಪುರದ ಕಡೆ ಒಂದು ಈರುಳ್ಳಿ ಗೋದಾಮಿಗೆ ಕಾವಲುಗಾರ ಬೇಕೆಂದು ಗುರುತಿನವರೊಬ್ಬರು ಬಂದು ಕರೆದರು. ಕಾಗದಪತ್ರ ಏನೂ ಬೇಡ, ನಾಳೆಯೇ ಬಂದು ಕೂತರಾಯಿತು ಅಂದರು. ಅಪ್ಪ ಚಪ್ಪಲಿ ಮೆಟ್ಟಿ ನಿಂತೇಬಿಟ್ಟಿದ್ದ. ನಾನು ಬಿಡಲಿಲ್ಲ. ಇವತ್ತು ಇಟ್ಟುಕೊಂಡು ನಾಳೆ ಓಡಿಸುವ ಕೆಲಸ ಬೇಡ, ಮಾಡಿದರೆ ಲೈಸೆನ್ಸ್ ಇರುವ ಏಜೆನ್ಸಿಯ ಗಾರ್ಡ್ ಕೆಲಸವನ್ನೇ ಮಾಡು ಅಂದೆ. ನಿಯಮಗಳನ್ನು ನಾನೇ ತರಿಸಿ ಓದಿದ್ದೆ. ನೂರು ಗಂಟೆ ಪಾಠ, ಅರವತ್ತು ಗಂಟೆ ಹೊರಗಿನ ತರಬೇತಿ, ಠಾಣೆಯಿಂದ ನಡತೆಯ ವರದಿ, ವೈದ್ಯರ ಚೀಟಿ. ಇಷ್ಟಾದರೆ ಎದೆಯ ಮೇಲೆ ಫೋಟೋ ಇರುವ ಗುರುತಿನ ಚೀಟಿ ಬರುತ್ತದೆ. ಅದು ಬಂದರೆ ಅಪ್ಪ ಮತ್ತೆ ಓಣಿಯ ನಡುವೆ ನಡೆದಾನು ಎಂಬುದಷ್ಟೇ ನನ್ನ ಆಸೆ.

ಇಪ್ಪತ್ತು ದಿನ ಅವನು ಚಳ್ಳಕೆರೆಗೆ ಹೋಗಿಬಂದ. ಕಲಿಸುವವರು ನಿವೃತ್ತ ಸೈನಿಕರು. ಜೊತೆಯವರೆಲ್ಲ ಮೀಸೆ ಚಿಗುರುವ ಹುಡುಗರು. ತಾತ, ಕಳ್ಳ ಬಂದ್ರೆ ನೀನು ಹಿಡೀತೀಯೋ, ಅವನೇ ನಿನ್ನ ಕೈ ಹಿಡಿದು ರಸ್ತೆ ದಾಟಿಸ್ತಾನೋ ಎಂದು ರೇಗಿಸುತ್ತಿದ್ದರಂತೆ. ಅದನ್ನು ಹೇಳಿ ಅಪ್ಪನೇ ನಗುತ್ತಿದ್ದ. ಸಂಜೆ ನಾನು ಅವನನ್ನು ಕೂರಿಸಿಕೊಂಡು ಇಂಗ್ಲಿಷ್ ಅಕ್ಷರ, ಅಂಕಿ ತಿದ್ದಿಸಿದೆ. ಬೆಂಕಿ ಆರಿಸುವುದು, ಬಂದವರ ಹೆಸರು ಬರೆದುಕೊಳ್ಳುವುದು, ಗೇಟಿನಲ್ಲಿ ಗಾಡಿ ತಪಾಸಣೆ ಮಾಡುವುದು ಎಲ್ಲವನ್ನೂ ಕಲಿತ.

ವೈದ್ಯರ ಪರೀಕ್ಷೆಯನ್ನು ಏಜೆನ್ಸಿಯವರು ಕೊನೆಗಿಟ್ಟಿದ್ದರು. ಅವತ್ತು ನಾನೂ ಜೊತೆಗೆ ಹೋದೆ. ಎತ್ತರ, ಎದೆಯ ಸುತ್ತಳತೆ, ಕಿವಿ ಎಲ್ಲ ಸರಿಯಿತ್ತು. ಡಾಕ್ಟರಮ್ಮ ಬಣ್ಣದ ಚುಕ್ಕಿಗಳಿದ್ದ ಒಂದು ಪುಸ್ತಕ ತೆರೆದು, ಒಳಗಿರುವ ಅಂಕಿ ಯಾವುದು ಎಂದು ಕೇಳಿದರು. ಅಪ್ಪ ಪುಸ್ತಕದ ಹತ್ತಿರಕ್ಕೆ ಬಗ್ಗಿ ನೋಡಿದ. ಓದು ಬರುವುದಿಲ್ಲವೇ ಎನ್ನುವಂತೆ ಅವರು ನನ್ನ ಕಡೆ ನೋಡಿದರು. ನನಗೆ ಚುಚ್ಚಿತು.

"ಬರ್ತಾವೆ ಮೇಡಂ, ನಾನೇ ಕಲಿಸಿದೀನಿ. ಹೇಳಪ್ಪಾ, ಇಷ್ಟು ದೊಡ್ಡದಾಗಿ ಐತಲ್ಲ."

ಅಪ್ಪ ಪುಸ್ತಕ ಬಿಟ್ಟು ನನ್ನನ್ನು ನೋಡಿದ. ಡಾಕ್ಟರಮ್ಮ ಬಿಳಿ ಹಾಳೆಯ ಮೇಲೆ ಪೆನ್ನಿನಲ್ಲಿ ಒಂದು ಅಂಕಿ ಬರೆದರು. ಅದನ್ನು ತಕ್ಷಣ ಓದಿದ. ಮತ್ತೆ ಚುಕ್ಕಿಗಳ ಹಾಳೆ ತಿರುವಿದರು.

"ಬರೀ ಚುಕ್ಕಿ ಕಾಣ್ತಾವ್ರೀ."

ಮೊದಲು ಏನು ಕೆಲಸ ಮಾಡುತ್ತಿದ್ದಿರಿ ಎಂದು ಕೇಳಿದರು. ರೇಷ್ಮೆ ಮಗ್ಗ ಅಂದ. ಅವರು ಪೆನ್ನು ಕೆಳಗಿಟ್ಟರು.

"ಕೆಂಪು, ಹಸಿರು ಹೆಂಗೆ ಗುರುತು ಹಿಡೀತಿದ್ರಿ?"

"ಇವರವ್ವ ಇದ್ಲು."

ಕೆಂಪು ಕಂಡಿಕೆಯ ನೂಲಿನ ತುದಿಗೆಲ್ಲ ಅವ್ವ ಒಂದು ಗಂಟು ಹಾಕುತ್ತಿದ್ದಳು. ಹುಟ್ಟಿದಾಗಿನಿಂದ ನೋಡಿದ್ದೆ, ನೂಲು ಬಿಚ್ಚದಿರಲಿ ಅಂತ ಇರಬೇಕು ಅಂದುಕೊಂಡಿದ್ದೆ. ಅಪ್ಪ ಬೆರಳಿನಿಂದ ಗಂಟು ಸವರಿ ನೇಯುತ್ತಿದ್ದ. ಆ ಕೊನೆಯ ಸೀರೆಯ ಕಂಡಿಕೆಗಳನ್ನು ಗಂಟು ಹಾಕದೆ ಸುತ್ತಿದವಳು ನಾನು.

ಡಾಕ್ಟರಮ್ಮ ಸಹಿ ಹಾಕಲಿಲ್ಲ. ನಿಯಮ ತಪ್ಪು ಎಂದು ನಾನು ಹೇಳುವುದಿಲ್ಲ. ಗೇಟಿನಲ್ಲಿ ಅಪಾಯದ ದೀಪ ಹೊತ್ತಿದರೆ ಅದು ಕೆಂಪು ಎಂದು ಗಾರ್ಡಿಗೆ ತಿಳಿಯಲೇಬೇಕು. ಅಪ್ಪ ಸಮವಸ್ತ್ರ ಮಡಚಿ ಏಜೆನ್ಸಿಗೆ ವಾಪಸು ಕೊಟ್ಟ.

ಬಸ್ಸು ತಳಕು ದಾಟಿದ ಮೇಲೆ, ಕುಡಿದಿದ್ದೆ ಅಂತ ಯಾಕೆ ಒಪ್ಪಿಕೊಂಡೆ ಎಂದು ಕೇಳಿದೆ.

"ಕುಡಿದಿದ್ದೆ ಅಂದ್ರೆ ಒಂದು ಸೀರೆ ಕೆಡ್ತು ಅಂತಾರೆ. ಕಣ್ಣು ಹಿಂಗೈತೆ ಅಂದ್ರೆ ನಿಮ್ಮವ್ವ ಇದ್ದಾಗ ನೇಯ್ದಿದ್ದನ್ನೂ ಆಡ್ಕೊಳ್ತಾರೆ ಕಣವ್ವಾ. ಅವಳನ್ನೂ ಸೇರಿಸಿ."

"ನಂಗಾದ್ರೂ ಹೇಳಬಾರದಿತ್ತಾ?"

"ನೀನು ಓದಿದವಳು. ನಿನ್ನ ಮುಂದೆ ಹೆಂಗೆ ಹೇಳ್ಲಿ."

ತಪ್ಪಾಯ್ತು ಅನ್ನಲು ನನಗೆ ಬಾಯಿ ಬರಲಿಲ್ಲ. ನಮ್ಮ ಮನೆಗಳಲ್ಲಿ ಹಾಗೆ ಬಾಯಿಬಿಟ್ಟು ಹೇಳುವ ರೂಢಿಯೂ ಇಲ್ಲ. ಆ ಒಂದು ಮಾತು ಹೇಳಿಬಿಟ್ಟಿದ್ದರೆ ಏನಾಗುತ್ತಿತ್ತು ಎಂದು ಈಗ ಅನ್ನಿಸುತ್ತದೆ. ಈರುಳ್ಳಿ ಗೋದಾಮಿಗೆ ಅಷ್ಟರಲ್ಲಿ ಬೇರೆಯವರು ಸೇರಿಯಾಗಿತ್ತು.

ಓಣಿಯ ತಿರುವಿನಲ್ಲಿ ಎದುರು ಮನೆಯ ದೊಡ್ಡಪ್ಪ ಕೂತಿದ್ದರು. ಏನ್ಲೇ, ಕೆಲಸ ಆಯ್ತೇನ್ಲೇ ಎಂದು ಅಪ್ಪನನ್ನು ಕೇಳಿದರು. ಅಪ್ಪ ನಿಂತ. ಅವನು ಏನಾದರೂ ಹೇಳುವ ಮುಂಚೆ ನಾನೇ ಅಂದೆ:

"ವಯಸ್ಸು ಮೀರೈತಂತೆ ದೊಡ್ಡಪ್ಪಾ. ಐವತ್ತರ ಮೇಲಿನೋರ್ನ ತಗಳಲ್ವಂತೆ."

ಅರವತ್ತೈದರವರೆಗೂ ತೆಗೆದುಕೊಳ್ಳುತ್ತಾರೆಂದು ಆ ಓಣಿಯಲ್ಲಿ ಓದಿ ತಿಳಿದಿದ್ದವಳು ನಾನೊಬ್ಬಳೇ. ದೊಡ್ಡಪ್ಪ, ಮೊದಲೇ ಹೇಳಿ ಸಾಯಬಾರದಿತ್ತಾ ಅವ್ರು ಎಂದು ಏಜೆನ್ಸಿಯವರನ್ನು ಬೈದರು. ಅಪ್ಪ ಬೀಗ ತೆಗೆದು ಒಳಗೆ ಹೋದ.