ಅಣ್ಣನ ಸರ್ವರಿಗೆ ಫೀಡ್ ಹುಡುಕಿದ್ದು

ಗಂಟಲಿನ ಆಪರೇಷನ್ ಆದ ಮೇಲೆ ನಮ್ಮಣ್ಣನ ದನಿ ಹೋಯಿತು. ಚಾಮರಾಜನಗರದಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟು, ಬಂದವರ ಜೊತೆ ಹರಟುತ್ತಲೇ ಬೆಸುಗೆ ಹಾಕುತ್ತಿದ್ದ ಮನುಷ್ಯ. ಅಂಗಡಿ ಮುಚ್ಚಿ ಮನೆಯಲ್ಲಿ ಕೂತುಬಿಟ್ಟ. ಗುಂಡ್ಲುಪೇಟೆಯ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಕೆಲಸ ಮಾಡುವ ನಾನು ಅವನಿಗೆ ನ್ಯೂಸ್‌ಗ್ರೂಪ್ ತೋರಿಸಿದೆ. ಹೆಸರಿಗೆ ನ್ಯೂಸ್, ನಿಜಕ್ಕೆ ಅದು ವಾಟ್ಸಾಪಿಗಿಂತ ಎಷ್ಟೋ ಹಳೆಯ, ಇಂಟರ್ನೆಟ್ಟಿನ ಹರಟೆಕಟ್ಟೆ. ಹಳೆ ರೇಡಿಯೊಗಳ ರಿಪೇರಿಗೇ ಅಲ್ಲೊಂದು ಗುಂಪಿತ್ತು. ಅಣ್ಣ ತನಗೆ ಬರುವ ಅರ್ಧಂಬರ್ಧ ಇಂಗ್ಲಿಷಿನಲ್ಲೇ ದಿನವಿಡೀ ಬರೆಯತೊಡಗಿದ.

ನೆಟ್ ಪದೇ ಪದೇ ಕೈಕೊಡುತ್ತಿತ್ತು. ಬಂದದ್ದು ಮನೆಯಲ್ಲೇ ಉಳಿಯಲಿ ಎಂದು ಹಳೆ ಕಂಪ್ಯೂಟರಿನಲ್ಲಿ ಪುಟ್ಟದೊಂದು ಸರ್ವರ್ ಮಾಡಿಕೊಟ್ಟೆ. ಹೊರದೇಶದ ದೊಡ್ಡ ಸರ್ವರೊಂದು ಅದಕ್ಕೆ ಎಲ್ಲರ ಬರಹ ಕಳಿಸುತ್ತಿತ್ತು, ಅಣ್ಣನದನ್ನು ಕೊಂಡೊಯ್ಯುತ್ತಿತ್ತು. ಇದಕ್ಕೆ ಫೀಡ್ ಎನ್ನುತ್ತಾರೆ. ಹೋದ ವರ್ಷ ಆ ದೊಡ್ಡ ಸರ್ವರಿನ ಯಜಮಾನರು ವಯಸ್ಸಾಯಿತೆಂದು ಅದನ್ನು ನಿಲ್ಲಿಸಿಬಿಟ್ಟರು.

ಅಣ್ಣನ ಪರದೆಯಲ್ಲಿ ಹೊಸದೇನೂ ಕಾಣದಾಯಿತು. ಚಾಮರಾಜನಗರಕ್ಕೆ ತೆರಕಣಾಂಬಿ ಮೇಲೆ ಹೋಗುವ ಬಸ್ಸಿನಲ್ಲಿ ಕೂತು, ಕಂಡಕಂಡ ಸರ್ವರಿನವರಿಗೆಲ್ಲ ಫೀಡ್ ಕೊಡಿ ಎಂದು ಬರೆದೆ. ಹೆಚ್ಚಿನವರು ಉತ್ತರಿಸಲಿಲ್ಲ. ಒಬ್ಬರು, ಓದುವವನು ಒಬ್ಬನೇ ಆದರೆ ಫೀಡ್ ಯಾಕೆ, ನಮ್ಮ ಸರ್ವರಿಗೇ ಬಂದು ಓದಲಿ ಎಂದರು. ಅಣ್ಣನಿಗೆ ಹೇಳಿದೆ. ಮೊಬೈಲಿನಲ್ಲಿ ಟೈಪ್ ಮಾಡಿ ತೋರಿಸಿದ: “ಬ್ಯಾಡ ಕಣಮ್ಮಿ. ನಮ್ಮನೇದು ನಮ್ಮನೇಲೇ ಇರ್ಲಿ. ಇನ್ಯಾರ್ನಾದ್ರೂ ಕೇಳು.”

ಕೇಳುತ್ತಲೇ ಇದ್ದೆ. ಅಷ್ಟರಲ್ಲಿ ಗಂಟಲಿನ ಕಾಯಿಲೆ ಮತ್ತೆ ತಲೆಯೆತ್ತಿತು. ಮೈಸೂರಿನ ಆಸ್ಪತ್ರೆಗೆ ನೋಡಲು ಹೋದಾಗಲೆಲ್ಲ ಅಣ್ಣ ಹುಬ್ಬೇರಿಸುತ್ತಿದ್ದ, ಸಿಕ್ಕಿತಾ ಎಂದು. ಇಲ್ಲವೆಂದು ತಲೆಯಾಡಿಸಿ ನಾನು ಕಿಟಕಿಯ ಕಡೆ ತಿರುಗುತ್ತಿದ್ದೆ. ಕೊನೆಗೊಬ್ಬರು ಒಪ್ಪಿ ಬರೆದಾಗ ಅಣ್ಣ ಹೋಗಿಯಾಗಿತ್ತು.

ತಿಥಿ ಕಳೆದ ಮೇಲೆ ಅತ್ತಿಗೆಯೇ ಹೇಳಿದರು, “ಅದ್ನ ಸರಿ ಮಾಡ್ಬುಡಮ್ಮಿ. ಅವ್ರ್ ಆಸೆ ಅಲ್ವಾ.”

ಜೋಡಿಸಿದೆ. ಆ ಪುಣ್ಯಾತ್ಮರು ನಡುವೆ ನಮಗೆ ತಪ್ಪಿಹೋದ ಬರಹಗಳನ್ನೂ ಕಳಿಸಿದ್ದರು. ಅವು ಒಂದರ ಹಿಂದೊಂದು ಪರದೆ ತುಂಬಿದವು. ಅತ್ತಿಗೆ ಪಕ್ಕದಲ್ಲಿ ಬಂದು ಕೂತರು.

“ಏನಂತ ಬರ್ದವ್ರೆ?”

“ಅಣ್ಣ ಎಲ್ಲಿ, ಯಾಕೆ ಕಾಣ್ತಾ ಇಲ್ಲ ಅಂತ ಕೇಳವ್ರೆ ಅತ್ಗೆ.”

“ಮಾತು ನಿಂತೋಗಿತ್ತು ಅಂತ ಇವ್ರ್ಗೆ ಗೊತ್ತಿತ್ತಾ?”

ಅಣ್ಣ ಬರೆದದ್ದನ್ನೆಲ್ಲ ನಾನು ಓದಿದ್ದೆ. ಎಲ್ಲಿಯೂ ಹೇಳಿಕೊಂಡಿರಲಿಲ್ಲ. “ಇಲ್ಲ ಅತ್ಗೆ, ಯಾರ್ಗೂ ಗೊತ್ತಿಲ್ಲ.”

ಅತ್ತಿಗೆ ಸೆರಗಿನಿಂದ ಮುಖ ಒರೆಸಿಕೊಂಡರು. “ಹಂಗಾರೆ ಅದ್ನ ಬರೀಬ್ಯಾಡ. ಓಗ್ಬುಟ್ರು ಅಂತ ಬರಿ, ಅಷ್ಟೇಯ.”

ಹಾಗೇ ಬರೆದು ಕಳಿಸಿದೆ. ಮಾರನೆಯ ದಿನ ಉತ್ತರಗಳು ಬಂದವು. ಒಂದೊಂದನ್ನೇ ಕನ್ನಡದಲ್ಲಿ ಹೇಳುತ್ತ ಹೋದೆ. ಒಬ್ಬರು ಬರೆದಿದ್ದರು: ಎಂಥ ಮಾತುಗಾರ, ಈ ಗುಂಪಿನಲ್ಲಿ ಅವನಷ್ಟು ಮಾತಾಡಿದವರೇ ಇಲ್ಲ.

ಅತ್ತಿಗೆ ಅದನ್ನು ಇನ್ನೊಂದು ಸಲ ಹೇಳು ಎಂದರು.